ಮುದ್ದೆ ಇಳಿಯದಾದಾಗ ತಡವಾಗಿರುತ್ತೆ: ಅನ್ನನಾಳದ ಕ್ಯಾನ್ಸರನ್ನು ಮೊದಲೇ ಕಾಣುವ ಎಂಡೋಸ್ಕೋಪಿ ಹೇಗೆ ಕೆಲಸ ಮಾಡುತ್ತೆ?

ಮೊದಲು ಮುದ್ದೆ ಇಳಿಯಲ್ಲ. ಆಮೇಲೆ ರೊಟ್ಟಿ, ಚಪಾತಿ. ನೀರು ಕುಡಿದು ನೂಕಿದರೆ ಹೇಗೋ ಹೋಗುತ್ತೆ ಅಂತ ಕೆಲವು ವಾರ ಕಳೆಯುತ್ತೆ. ಮುಂದೆ ಅನ್ನವನ್ನು ಮೆತ್ತಗೆ ಕಲಸಿ ತಿನ್ನಬೇಕು, ಆಮೇಲೆ ಬರೀ ಗಂಜಿ, ಕೊನೆಗೆ ನೀರೂ ಕಷ್ಟ. ಈ ನಡುವೆ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ್ದಾಗಿರುತ್ತೆ. ತೂಕ ಇಳಿದು, ಅಂಗಿ ಸಡಿಲವಾಗಿ, ಯಾರೋ ಒತ್ತಾಯ ಮಾಡಿ ಎಂಡೋಸ್ಕೋಪಿ ಮಾಡಿಸಿದಾಗ ಗೊತ್ತಾಗುತ್ತೆ, ಅದು ಅನ್ನನಾಳದ ಕ್ಯಾನ್ಸರ್ ಅಂತ.

ಅನ್ನನಾಳದ ಕ್ಯಾನ್ಸರ್ ನಮ್ಮಲ್ಲಿ ಪತ್ತೆಯಾಗುವ ಸಾಮಾನ್ಯ ದಾರಿ ಇದು. ಜಾಗತಿಕ ಕ್ಯಾನ್ಸರ್ ಅಂದಾಜುಗಳ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 5.1 ಲಕ್ಷ ಜನರಿಗೆ ಈ ಕ್ಯಾನ್ಸರ್ ಬಂತು, ಸುಮಾರು 4.45 ಲಕ್ಷ ಜನ ಇದರಿಂದ ಸತ್ತರು. ಭಾರತದ ಪಾಲು ಸುಮಾರು 70 ಸಾವಿರ ಹೊಸ ರೋಗಿಗಳು. ಹೊಸದಾಗಿ ಬಂದವರ ಸಂಖ್ಯೆಗೂ ಸತ್ತವರ ಸಂಖ್ಯೆಗೂ ಹೆಚ್ಚು ಅಂತರವೇ ಇಲ್ಲ ಅನ್ನೋದನ್ನು ಗಮನಿಸಿ. ಈ ರೋಗ ಎಷ್ಟು ತಡವಾಗಿ ಕೈಗೆ ಸಿಗುತ್ತೆ ಅನ್ನೋದಕ್ಕೆ ಬೇರೆ ಪುರಾವೆ ಬೇಡ.

ಆದ್ರೆ ಇದೇ ಕ್ಯಾನ್ಸರನ್ನು ಒಳಪದರದಲ್ಲೇ ಇರುವಾಗ ಕಂಡುಹಿಡಿದರೆ, ಎದೆ ಕೊಯ್ಯದೆ, ಬಾಯಿಯ ಮೂಲಕ ಹಾಕಿದ ಕೊಳವೆಯಿಂದಲೇ ಕತ್ತರಿಸಿ ತೆಗೆಯಬಹುದು. ಹಾಗೆ ಕಾಣುವ ತಂತ್ರಜ್ಞಾನ ಇವತ್ತು ಇದೆ. ಅದರ ಒಂದು ಭಾಗ ಕೋಟಿ ರೂಪಾಯಿಯ ಯಂತ್ರವೂ ಅಲ್ಲ, ಒಂದು ಬಾಟಲಿ ಅಯೋಡಿನ್ ಅಷ್ಟೇ. ಹಾಗಿದ್ದರೆ ತೊಡಕು ಎಲ್ಲಿದೆ?

ಲಕ್ಷಣ ಯಾಕೆ ತಡವಾಗಿ ಕಾಣುತ್ತೆ?

ಅನ್ನನಾಳ ಗಂಟಲಿನಿಂದ ಹೊಟ್ಟೆಯವರೆಗೆ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಇದು ಹಿಗ್ಗುತ್ತೆ. ಗೋಡೆಯಲ್ಲಿ ಚಿಕ್ಕ ಗಡ್ಡೆ ಇದ್ದರೂ ತುತ್ತು ಪಕ್ಕಕ್ಕೆ ಸರಿದು ಇಳಿದುಬಿಡುತ್ತೆ. ಒಳಗಿನ ದಾರಿ ಸುಮಾರು 13 ಮಿಲಿಮೀಟರಿಗಿಂತ ಕಿರಿದಾದ ಮೇಲೆಯೇ ಗಟ್ಟಿ ಆಹಾರ ಸಿಕ್ಕಿಕೊಳ್ಳಲು ಶುರುವಾಗೋದು. ಅಷ್ಟೊತ್ತಿಗೆ ಗಡ್ಡೆ ಗೋಡೆಯೊಳಕ್ಕೆ ಆಳವಾಗಿ ಇಳಿದಿರುತ್ತೆ.

ಇನ್ನೂ ಎರಡು ತೊಂದರೆಗಳಿವೆ. ಕರುಳಿನ ಬಹುಪಾಲಿಗೆ ಇರುವಂತಹ ಹೊರಗವಚ ಅನ್ನನಾಳಕ್ಕೆ ಇಲ್ಲ. ಗೋಡೆ ದಾಟಿದ ಗಡ್ಡೆ ನೇರವಾಗಿ ಶ್ವಾಸನಾಳ, ಮಹಾಪಧಮನಿಗಳ ನೆರೆಗೆ ಬರುತ್ತೆ. ಎರಡನೆಯದು, ಇಲ್ಲಿ ದುಗ್ಧರಸ ನಾಳಗಳ ಜಾಲ ತುಂಬಾ ಮೇಲಿನ ಪದರದಲ್ಲೇ ಹರಡಿಕೊಂಡಿದೆ. ಹಾಗಾಗಿ ಕ್ಯಾನ್ಸರ್ ಕೋಶಗಳು ದುಗ್ಧಗ್ರಂಥಿಗಳಿಗೆ ಬೇಗ ಸಾಗಿಬಿಡುತ್ತವೆ.

ಪರಿಣಾಮ ಏನು? ಅಮೆರಿಕದ ಕ್ಯಾನ್ಸರ್ ನೋಂದಣಿ ನೋಡಿದರೆ, ಅನ್ನನಾಳದಲ್ಲಷ್ಟೇ ಇರುವಾಗ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ್ದರೆ ನೂರಕ್ಕೆ ಐದಾರು ಮಂದಿ ಮಾತ್ರ.

ಎರಡು ಬಗೆಯ ಕ್ಯಾನ್ಸರ್

ಅನ್ನನಾಳದ ಕ್ಯಾನ್ಸರ್ ಅಂದ್ರೆ ಒಂದೇ ರೋಗ ಅಲ್ಲ. ಒಂದು, ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್. ತಂಬಾಕು, ಮದ್ಯ, ಎಲೆಅಡಿಕೆ, ಸುಡುಬಿಸಿ ಪಾನೀಯಗಳ ಜೊತೆ ಇದಕ್ಕೆ ನಂಟಿದೆ. ಇನ್ನೊಂದು, ಅನ್ನನಾಳದ ಕೆಳತುದಿಯಲ್ಲಿ ಬರುವ ಅಡಿನೊಕಾರ್ಸಿನೋಮ. ಹೊಟ್ಟೆಯ ಆಮ್ಲ ವರ್ಷಗಟ್ಟಲೆ ಮೇಲಕ್ಕೆ ಬಂದು ಬಂದು ಒಳಪದರವೇ ಬದಲಾಗುವ ‘ಬ್ಯಾರೆಟ್ಸ್ ಅನ್ನನಾಳ’ ಎಂಬ ಸ್ಥಿತಿಯಿಂದ ಅದು ಹುಟ್ಟುತ್ತೆ. ಬೊಜ್ಜು ಅದರ ದೊಡ್ಡ ಕಾರಣ.

ಬ್ರಿಟನ್, ಅಮೆರಿಕಗಳಲ್ಲಿ ಎರಡನೆಯದು ಹೆಚ್ಚು. ಭಾರತ, ಚೀನಾ, ಇರಾನ್, ಪೂರ್ವ ಆಫ್ರಿಕಾಗಳಲ್ಲಿ ಮೊದಲನೆಯದೇ ಜಾಸ್ತಿ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ಮಾಹಿತಿ ಬಹುಪಾಲು ಎದೆ ಉರಿ, ಆಸಿಡ್ ರಿಫ್ಲಕ್ಸ್ ಸುತ್ತ ಇರುತ್ತೆ. ಅದು ಅಲ್ಲಿನವರ ರೋಗದ ಕತೆ. ಎದೆ ಉರಿಯೇ ಇಲ್ಲದ ಬೀಡಿ ಸೇದುವ, ಹೊಗೆಸೊಪ್ಪು ಹಾಕುವ ಮನುಷ್ಯನಿಗೆ ಅದನ್ನು ಓದಿ ಸಿಗುವುದು ಸುಳ್ಳು ಧೈರ್ಯ ಅಷ್ಟೇ.

ಬಿಳಿ ಬೆಳಕಿಗೆ ಯಾಕೆ ಕಾಣಲ್ಲ?

ಮಾಮೂಲಿ ಎಂಡೋಸ್ಕೋಪಿಯಲ್ಲಿ ಬಿಳಿ ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ನೋಡುತ್ತಾರೆ. ಆರೋಗ್ಯವಂತ ಅನ್ನನಾಳ ನಸುಗೆಂಪು ಬಣ್ಣದ ನುಣುಪು ಗೋಡೆಯಂತೆ ಕಾಣುತ್ತೆ. ಆರಂಭದ ಸ್ಕ್ವಾಮಸ್ ಕ್ಯಾನ್ಸರ್ ಅಂದ್ರೆ ಅದೇ ಗೋಡೆಯ ಮೇಲೆ ಒಂದು ಚೂರು ಹೆಚ್ಚು ಕೆಂಪಾದ ಮಚ್ಚೆ. ಉಬ್ಬಿರಲ್ಲ, ಹುಣ್ಣಾಗಿರಲ್ಲ. ಸ್ವಲ್ಪ ಲೋಳೆ ಅಂಟಿಕೊಂಡಿದ್ದರೆ ಅದೂ ಮರೆ.

1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕಷ್ಟವನ್ನು ಅಳೆದು ತೋರಿಸಿತು. ಚೀನಾದ ಹೆನಾನ್ ಪ್ರಾಂತ್ಯದ ಲಿನ್‌ಶಿಯಾನ್‌ನಲ್ಲಿ ಈ ಕ್ಯಾನ್ಸರ್ ವಿಪರೀತ. ಅಲ್ಲಿ 225 ಜನರನ್ನು ಪರೀಕ್ಷಿಸಿದಾಗ, ಬರೀ ಬಿಳಿ ಬೆಳಕಿನಲ್ಲಿ ಕಣ್ಣಿಗೆ ಬಿದ್ದದ್ದು ತೀವ್ರ ಪೂರ್ವಕ್ಯಾನ್ಸರ್ ಮತ್ತು ಕ್ಯಾನ್ಸರ್ ಇದ್ದ ಜಾಗಗಳ ಶೇ 62 ಮಾತ್ರ. ಅದೇ ಅನ್ನನಾಳಕ್ಕೆ ಅಯೋಡಿನ್ ಸಿಂಪಡಿಸಿ ನೋಡಿದಾಗ ಶೇ 96 ಕಂಡವು.

ಆಲೂಗಡ್ಡೆಯ ಮೇಲಿನ ಅಯೋಡಿನ್

ಶಾಲೆಯಲ್ಲಿ ಬೇಯಿಸಿದ ಆಲೂಗಡ್ಡೆಗೆ ಅಯೋಡಿನ್ ಹನಿ ಹಾಕಿದ್ದು ನೆನಪಿದೆಯಾ? ಪಿಷ್ಟ ಇದ್ದಲ್ಲಿ ಕಡುನೀಲಿ ಬಣ್ಣ ಬರುತ್ತಿತ್ತು. ಇಲ್ಲಿ ನಡೆಯೋದೂ ಹೆಚ್ಚುಕಡಿಮೆ ಅದೇ. ಅನ್ನನಾಳದ ಆರೋಗ್ಯವಂತ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತೆ. ಅಯೋಡಿನ್ ತಾಗಿದರೆ ಅದು ಕಡುಕಂದು ಬಣ್ಣಕ್ಕೆ ತಿರುಗುತ್ತೆ. ಕ್ಯಾನ್ಸರಿನತ್ತ ಹೊರಟ ಕೋಶಗಳಲ್ಲಿ ಗ್ಲೈಕೋಜನ್ ಕರಗಿಹೋಗಿರುತ್ತೆ, ಅಲ್ಲಿ ಬಣ್ಣ ಹಿಡಿಯಲ್ಲ. ಕಂದು ಗೋಡೆಯ ಮೇಲೆ ಆ ಜಾಗ ಮಾತ್ರ ಹಳದಿಯಾಗಿ ಎದ್ದು ಕಾಣುತ್ತೆ. ಎರಡು ಮೂರು ನಿಮಿಷ ಬಿಟ್ಟು ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅನುಮಾನ ಇನ್ನೂ ಗಟ್ಟಿ.

ಈ ದ್ರಾವಣದ ಹೆಸರು ಲೂಗಾಲ್ ಅಯೋಡಿನ್. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಜೀನ್ ಲೂಗಾಲ್ ತಯಾರಿಸಿದ್ದು. ಗರ್ಭಕಂಠದ ಕ್ಯಾನ್ಸರ್ ಪತ್ತೆಗೂ ಇದೇ ತತ್ವವನ್ನು ಸುಮಾರು ಒಂದು ಶತಮಾನದಿಂದ ಬಳಸುತ್ತಾ ಬಂದಿದ್ದಾರೆ.

ಹಾಗಂತ ಇದು ದೋಷವೇ ಇಲ್ಲದ ವಿಧಾನ ಅಲ್ಲ. ಬರೀ ಉರಿಯೂತ ಇದ್ದ ಜಾಗವೂ ಬಣ್ಣ ಹಿಡಿಯದೆ ಉಳಿಯಬಹುದು, ಆಗ ಅನಗತ್ಯ ಬಯಾಪ್ಸಿ. ಪರೀಕ್ಷೆ ಆದ ಮೇಲೆ ಎದೆ ಉರಿ, ನೋವು ಬರಬಹುದು. ಅದನ್ನು ತಗ್ಗಿಸಲು ಸೋಡಿಯಂ ಥಯೋಸಲ್ಫೇಟ್ ಸಿಂಪಡಿಸುತ್ತಾರೆ. ಅಯೋಡಿನ್ ಅಲರ್ಜಿ, ಥೈರಾಯ್ಡ್ ತೊಂದರೆ ಇದ್ದವರು ಮೊದಲೇ ಹೇಳಬೇಕು.

ಗುಂಡಿ ಒತ್ತಿದರೆ ಬದಲಾಗುವ ಬೆಳಕು

ಬಣ್ಣ ಹಾಕದೆ, ಬೆಳಕನ್ನೇ ಬದಲಿಸಿ ನೋಡಿದರೆ? ಈ ಯೋಚನೆಯಿಂದ ಬಂದದ್ದು ನ್ಯಾರೋ ಬ್ಯಾಂಡ್ ಇಮೇಜಿಂಗ್, ಚಿಕ್ಕದಾಗಿ ಎನ್‌ಬಿಐ. ಜಪಾನಿನ ಒಲಿಂಪಸ್ ಕಂಪನಿ ಅಲ್ಲಿನ ವೈದ್ಯರ ಜೊತೆ ಸೇರಿ ಅಭಿವೃದ್ಧಿಪಡಿಸಿದ ಇದು 2000ದ ದಶಕದ ಮಧ್ಯದಲ್ಲಿ ಮಾರುಕಟ್ಟೆಗೆ ಬಂತು.

ತತ್ವ ಸರಳ. ರಕ್ತದ ಹಿಮೋಗ್ಲೋಬಿನ್ ಕೆಲವು ಬಣ್ಣದ ಬೆಳಕನ್ನು ಹೆಚ್ಚು ಹೀರುತ್ತೆ. 415 ನ್ಯಾನೋಮೀಟರಿನ ನೀಲಿ ಬೆಳಕು ಮತ್ತು 540 ನ್ಯಾನೋಮೀಟರಿನ ಹಸಿರು ಬೆಳಕನ್ನು ಮಾತ್ರ ಬಿಟ್ಟರೆ ರಕ್ತನಾಳಗಳು ಎದ್ದು ಕಾಣುತ್ತವೆ. ನೀಲಿ ಬೆಳಕು ಆಳಕ್ಕೆ ಹೋಗದ ಕಾರಣ ಮೇಲ್ಪದರದ ಸೂಕ್ಷ್ಮ ನಾಳಗಳು ಕಂದಾಗಿ ತೋರುತ್ತವೆ. ಹಸಿರು ಬೆಳಕಿನಲ್ಲಿ ಒಳಗಿನ ದೊಡ್ಡ ನಾಳಗಳು ಕಾಣುತ್ತವೆ. ಕ್ಯಾನ್ಸರ್ ಬೆಳೆಯಲು ಹೊಸ ರಕ್ತನಾಳ ಬೇಕಲ್ಲ, ಅವು ಗುಂಪುಗೂಡಿದ ಜಾಗ ಪರದೆಯ ಮೇಲೆ ಕಂದು ಮಚ್ಚೆಯಾಗಿ ಕಾಣುತ್ತೆ. ವೈದ್ಯರು ಮಾಡಬೇಕಾದ್ದು ಎಂಡೋಸ್ಕೋಪಿನ ಹಿಡಿಯಲ್ಲಿರುವ ಒಂದು ಗುಂಡಿ ಒತ್ತುವುದು. ಫ್ಯೂಜಿಫಿಲ್ಮ್, ಪೆಂಟ್ಯಾಕ್ಸ್ ಕಂಪನಿಗಳ ಯಂತ್ರಗಳಲ್ಲೂ ಬಿಎಲ್‌ಐ, ಐ-ಸ್ಕ್ಯಾನ್ ಮುಂತಾದ ಹೆಸರಿನ ಇಂಥ ವ್ಯವಸ್ಥೆಗಳಿವೆ.

2010ರಲ್ಲಿ ಜಪಾನಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಈಗಾಗಲೇ ಅನ್ನನಾಳದ ಕ್ಯಾನ್ಸರ್ ಇದ್ದ 320 ರೋಗಿಗಳಲ್ಲಿ ಅನ್ನನಾಳದ ಮೇಲ್ಪದರದ ಕ್ಯಾನ್ಸರ್‌ಗಳನ್ನು ಹುಡುಕಿದಾಗ ಎನ್‌ಬಿಐ ಶೇ 97ರಷ್ಟನ್ನು ಹಿಡಿಯಿತು. ಬಿಳಿ ಬೆಳಕು ಹಿಡಿದದ್ದು ಶೇ 55. ಗಂಟಲು ಮತ್ತು ಕತ್ತಿನ ಭಾಗದಲ್ಲಂತೂ ಅಂತರ ಇನ್ನೂ ದೊಡ್ಡದು: ಶೇ 100ಕ್ಕೆ ಎದುರಾಗಿ ಶೇ 8.

ಒಂದು ಎಚ್ಚರಿಕೆ ಬೇಕು. ಇವು ಜಪಾನಿನ ನುರಿತ ಕೈಗಳಲ್ಲಿ, ಅಪಾಯ ಹೆಚ್ಚಿದ್ದ ರೋಗಿಗಳಲ್ಲಿ ಬಂದ ಅಂಕಿಗಳು. ಕಂದು ಮಚ್ಚೆ ಯಾವುದು, ಬರೀ ಉರಿಯೂತ ಯಾವುದು ಅಂತ ಗುರುತಿಸಲು ಕಣ್ಣು ಪಳಗಬೇಕು.

ಎಷ್ಟು ಆಳ? ಅದೇ ಮುಖ್ಯ ಪ್ರಶ್ನೆ

ಮಚ್ಚೆ ಸಿಕ್ಕರೆ ಕೆಲಸ ಮುಗಿಯಲ್ಲ. ಅದು ಎಷ್ಟು ಆಳಕ್ಕೆ ಇಳಿದಿದೆ ಅನ್ನೋದರ ಮೇಲೆ ಚಿಕಿತ್ಸೆ ನಿಂತಿದೆ. ಚಿತ್ರವನ್ನು ಎಂಬತ್ತು, ನೂರು ಪಟ್ಟು ಹಿಗ್ಗಿಸುವ ಎಂಡೋಸ್ಕೋಪಿನಲ್ಲಿ ಎನ್‌ಬಿಐ ಹಾಕಿ ನೋಡಿದರೆ ಒಳಪದರದ ಕುಣಿಕೆಯಾಕಾರದ ಸೂಕ್ಷ್ಮ ರಕ್ತನಾಳಗಳು ಒಂದೊಂದಾಗಿ ಕಾಣುತ್ತವೆ. ಆರೋಗ್ಯವಂತ ಜಾಗದಲ್ಲಿ ಅವು ತೆಳ್ಳಗಿನ ಹೇರ್‌ಪಿನ್ನಿನಂತೆ. ರೋಗ ಬಂದಲ್ಲಿ ಹಿಗ್ಗಿ, ಸೊಟ್ಟಗಾಗಿ, ಒಂದು ದಪ್ಪ ಒಂದು ಸಣ್ಣ ಆಗಿರುತ್ತವೆ.

ಜಪಾನಿನ ವೈದ್ಯ ಹರುಹಿರೊ ಇನೊವೆ ಈ ನಾಳಗಳ ಆಕಾರವನ್ನು ಓದಿ ಕ್ಯಾನ್ಸರಿನ ಆಳ ಅಂದಾಜಿಸುವ ದಾರಿ ತೋರಿಸಿದರು. ಮುಂದೆ ಜಪಾನಿನ ಅನ್ನನಾಳ ತಜ್ಞರ ಸಂಘ ಅದನ್ನು ಸರಳಗೊಳಿಸಿತು. ಕುಣಿಕೆ ಆಕಾರ ಉಳಿದಿದ್ದರೆ ಬಿ1, ಅಂದ್ರೆ ಕ್ಯಾನ್ಸರ್ ಮೇಲ್ಪದರದಲ್ಲಷ್ಟೇ ಇದೆ. ಕುಣಿಕೆ ಹರಿದು ಅಡ್ಡಾದಿಡ್ಡಿಯಾಗಿದ್ದರೆ ಬಿ2, ಸ್ವಲ್ಪ ಒಳಗೆ ಹೋಗಿದೆ. ತೀರಾ ದಪ್ಪ ನಾಳಗಳಿದ್ದರೆ ಬಿ3, ಲೋಳೆಪದರ ದಾಟಿ ಕೆಳಗಿಳಿದಿದೆ.

ಈ ಓದಿಗೆ ಬೆಲೆ ಯಾಕೆ? ಅತಿ ಮೇಲಿನ ಎರಡು ಪದರಗಳಲ್ಲಿದ್ದರೆ ದುಗ್ಧಗ್ರಂಥಿಗೆ ಹರಡಿರುವ ಸಾಧ್ಯತೆ ಶೇ 5ಕ್ಕೂ ಕಡಿಮೆ. ಅಂಥವರಿಗೆ ಎಂಡೋಸ್ಕೋಪಿಯಿಂದಲೇ ಆ ಭಾಗವನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುವ ಇಎಸ್‌ಡಿ ಚಿಕಿತ್ಸೆ ಸಾಕಾಗಬಹುದು. ಕೆಲವೇ ದಿನಗಳಲ್ಲಿ ಮನೆಗೆ ಹೋಗಬಹುದು. ಸುತ್ತಳತೆಯ ಮುಕ್ಕಾಲಿಗಿಂತ ಹೆಚ್ಚು ತೆಗೆದರೆ ಮಾತ್ರ ಆಮೇಲೆ ಅನ್ನನಾಳ ಕಿರಿದಾಗುವ ತೊಂದರೆ ಇದೆ. ಲೋಳೆಪದರದ ಕೆಳಗೆ ಆಳವಾಗಿ ಇಳಿದಿದ್ದರೆ ಕತೆಯೇ ಬೇರೆ: ಎದೆ ಮತ್ತು ಹೊಟ್ಟೆಯ ದೊಡ್ಡ ಆಪರೇಷನ್, ಕೀಮೊ, ರೇಡಿಯೇಶನ್. ಒಂದೆರಡು ಮಿಲಿಮೀಟರಿನೊಳಗೆ ಒಬ್ಬರ ಬದುಕು ಎರಡು ದಾರಿಯಾಗುತ್ತೆ.

ಬ್ಯಾರೆಟ್ಸ್ ಇದ್ದವರಿಗೆ

ಬಹುಕಾಲದ ಆಮ್ಲ ತೊಂದರೆಯಿಂದ ಬ್ಯಾರೆಟ್ಸ್ ಆದವರಲ್ಲಿ ಬೇರೆ ಲೆಕ್ಕ. ಅಲ್ಲಿ ಪ್ರತಿ ಒಂದೆರಡು ಸೆಂಟಿಮೀಟರಿಗೆ ನಾಲ್ಕು ದಿಕ್ಕಿನಿಂದ ಬಯಾಪ್ಸಿ ತೆಗೆಯುವ ‘ಸಿಯಾಟಲ್’ ಕ್ರಮ ಹಳೆಯದು. ಈಗ ಅದರ ಜೊತೆ ಎನ್‌ಬಿಐ ಬಳಸುತ್ತಾರೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನು ತೆಳುವಾಗಿ ಸಿಂಪಡಿಸುವುದೂ ಉಂಟು. ಒಳಪದರ ಮೊದಲು ಬೆಳ್ಳಗಾಗುತ್ತೆ, ಕೆಟ್ಟ ಕೋಶಗಳಿರುವ ಜಾಗದಲ್ಲಿ ಆ ಬಿಳುಪು ಬೇಗ ಮಾಯವಾಗಿ ಕೆಂಪು ಮರಳುತ್ತೆ.

ಬ್ರಿಟನ್ನಿನಲ್ಲಿ ಎಂಡೋಸ್ಕೋಪಿಗೂ ಮೊದಲೇ ಜನರನ್ನು ಸೋಸುವ ಪ್ರಯತ್ನ ನಡೆದಿದೆ. ಕೇಂಬ್ರಿಡ್ಜಿನ ರೆಬೆಕಾ ಫಿಟ್ಜ್‌ಜೆರಾಲ್ಡ್ ತಂಡ ದಾರ ಕಟ್ಟಿದ ಮಾತ್ರೆಯೊಂದನ್ನು ರೂಪಿಸಿತು. ನುಂಗಿದರೆ ಹೊಟ್ಟೆಯಲ್ಲಿ ಕರಗಿ ಪುಟ್ಟ ಸ್ಪಂಜು ಬಿಚ್ಚಿಕೊಳ್ಳುತ್ತೆ, ದಾರ ಎಳೆದರೆ ಅನ್ನನಾಳದ ಕೋಶಗಳನ್ನು ಸವರಿಕೊಂಡು ಹೊರಗೆ ಬರುತ್ತೆ. ಸುಮಾರು 13 ಸಾವಿರ ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಪಂಜು ಪರೀಕ್ಷೆಗೆ ಕರೆದವರ ಗುಂಪಿನಲ್ಲಿ 140 ಮಂದಿಗೆ ಬ್ಯಾರೆಟ್ಸ್ ಪತ್ತೆಯಾಯಿತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಪತ್ತೆಯಾದದ್ದು 13 ಮಂದಿಗೆ.

ಎಐ ಬಂದರೆ ಸಾಕಾ?

2019ರಲ್ಲಿ ಜಪಾನಿನ ತಂಡವೊಂದು 8,428 ಎಂಡೋಸ್ಕೋಪಿ ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ತರಬೇತಿ ಕೊಟ್ಟಿತು. ಅದು 1,118 ಚಿತ್ರಗಳನ್ನು 27 ಸೆಕೆಂಡಿನಲ್ಲಿ ನೋಡಿ ಮುಗಿಸಿ, ಶೇ 98ರಷ್ಟು ಕ್ಯಾನ್ಸರ್ ಪ್ರಕರಣಗಳನ್ನು ಗುರುತಿಸಿತು. ಸುದ್ದಿಯಾದದ್ದು ಇಷ್ಟೇ. ಅದೇ ಅಧ್ಯಯನದ ಇನ್ನೊಂದು ಅಂಕಿ ಕಡಿಮೆ ಸುದ್ದಿಯಾಯಿತು: ಕಂಪ್ಯೂಟರ್ ‘ಕ್ಯಾನ್ಸರ್’ ಅಂದ ಚಿತ್ರಗಳಲ್ಲಿ ನಿಜವಾಗಿ ಕ್ಯಾನ್ಸರ್ ಇದ್ದದ್ದು ಶೇ 40 ಮಾತ್ರ. ನೆರಳು, ಉರಿಯೂತಗಳನ್ನೂ ಅದು ಕ್ಯಾನ್ಸರ್ ಅಂದುಕೊಂಡಿತ್ತು.

ಎಐ ಅನುಭವ ಕಡಿಮೆ ಇರುವ ವೈದ್ಯರಿಗೆ ಒಳ್ಳೆಯ ಎರಡನೇ ಕಣ್ಣಾಗಬಲ್ಲದು. ಆದ್ರೆ ಕ್ಯಾಮೆರಾ ಯಾವ ಜಾಗವನ್ನು ತೋರಿಸಲಿಲ್ಲವೋ, ಎಲ್ಲಿ ಲೋಳೆ ತೊಳೆಯಲಿಲ್ಲವೋ, ಅಲ್ಲಿ ಎಐ ಕೂಡ ಕುರುಡು.

ಎಲ್ಲಕ್ಕಿಂತ ಅಗ್ಗದ ಸಾಧನ: ಏಳು ನಿಮಿಷ

ಎಂಡೋಸ್ಕೋಪಿ ಮಾಡಿದ್ದಾರೆ ಅಂದಮೇಲೆ ಏನೂ ತಪ್ಪಿರಲ್ಲ ಅಂತ ನಾವು ನಂಬುತ್ತೇವೆ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನಡೆಸಿದ ವಿಶ್ಲೇಷಣೆ ಬೇರೆಯದನ್ನೇ ಹೇಳಿತು. ಅನ್ನನಾಳ, ಜಠರ ಮುಂತಾದ ಮೇಲ್ಭಾಗದ ಕ್ಯಾನ್ಸರ್ ಇದ್ದ ರೋಗಿಗಳಲ್ಲಿ ಸುಮಾರು ಶೇ 11 ಮಂದಿಗೆ ಹಿಂದಿನ ಮೂರು ವರ್ಷದೊಳಗೆ ಎಂಡೋಸ್ಕೋಪಿ ಆಗಿತ್ತು, ಆಗ ಅದು ಕಣ್ತಪ್ಪಿತ್ತು.

ಯುರೋಪಿನ ಎಂಡೋಸ್ಕೋಪಿ ಸಂಘ ಅದಕ್ಕೇ ಕನಿಷ್ಠ ಏಳು ನಿಮಿಷ ಒಳಗೆ ನೋಡಬೇಕು, ಪ್ರತಿ ಮುಖ್ಯ ಜಾಗದ ಚಿತ್ರ ತೆಗೆದಿಡಬೇಕು ಅನ್ನುತ್ತೆ. ಪರೀಕ್ಷೆಗೆ ಮುಂಚೆ ನೊರೆ ಕರಗಿಸುವ ಸಿಮೆಥಿಕೋನ್ ದ್ರವ ಕುಡಿಸಬೇಕು, ನೀರು ಹಾಯಿಸಿ ಗೋಡೆ ತೊಳೆಯಬೇಕು, ಕೊಳವೆ ಹೊರಗೆಳೆಯುವಾಗ ನಿಧಾನಿಸಬೇಕು.

ಒಂದು ಬೆಳಗ್ಗೆ ನೂರಾರು ಜನ ಸಾಲುಗಟ್ಟಿ ಕೂತ ಸರ್ಕಾರಿ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಈ ಏಳು ನಿಮಿಷ ಎಲ್ಲಿಂದ ಬರಬೇಕು? ಎರಡು ನಿಮಿಷದಲ್ಲಿ ಮುಗಿಸುವ ಪರೀಕ್ಷೆಯಲ್ಲಿ ಎನ್‌ಬಿಐ ಗುಂಡಿ ಇದ್ದೂ ಇಲ್ಲದ ಹಾಗೆ. ಯಂತ್ರ ಖರೀದಿಯ ಟೆಂಡರ್ ಕರೆಯೋದು ಸುಲಭ, ಉದ್ಘಾಟನೆಯ ಫೋಟೊನೂ ಬರುತ್ತೆ. ಇನ್ನಿಬ್ಬರು ಎಂಡೋಸ್ಕೋಪಿ ವೈದ್ಯರು, ತರಬೇತಾದ ನರ್ಸ್, ಬಯಾಪ್ಸಿ ನೋಡುವ ಪೆಥಾಲಜಿಸ್ಟ್, ಇವರ ನೇಮಕಾತಿಗೆ ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಇರಲ್ಲ. ತೊಡಕು ಇರೋದು ಇಲ್ಲಿ.

ಹಾಗಾದ್ರೆ ಎಲ್ಲರಿಗೂ ಎಂಡೋಸ್ಕೋಪಿ ಮಾಡಬೇಕಾ?

ಬೇಡ. ಚೀನಾದ ಹೆಬೈ ಪ್ರಾಂತ್ಯದ ಸಿಶಿಯಾನ್ ಕೌಂಟಿಯ ಹಳ್ಳಿಗಳಲ್ಲಿ 40ರಿಂದ 69 ವರ್ಷದವರಿಗೆ ಒಂದೇ ಒಂದು ಸಲ ಅಯೋಡಿನ್ ಎಂಡೋಸ್ಕೋಪಿ ಮಾಡಿ, ಹತ್ತು ವರ್ಷ ಹಿಂಬಾಲಿಸಿದರು. ಪರೀಕ್ಷೆಗೆ ಆಯ್ದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇ 3.35, ಉಳಿದ ಹಳ್ಳಿಗಳಲ್ಲಿ ಶೇ 5.05. ಸಾವು ಮೂರನೇ ಒಂದರಷ್ಟು ಕಡಿಮೆ. ಆದ್ರೆ ಅದು ನೂರಕ್ಕೆ ಐದು ಮಂದಿ ಇದೊಂದೇ ರೋಗದಿಂದ ಸಾಯುವ ಊರು. ರೋಗ ಅಷ್ಟಿಲ್ಲದ ಕಡೆ ಎಲ್ಲರ ಗಂಟಲಿಗೂ ಕೊಳವೆ ಹಾಕಿದರೆ ಖರ್ಚು, ಆತಂಕ, ಅನಗತ್ಯ ಬಯಾಪ್ಸಿಗಳೇ ಜಾಸ್ತಿ.

ನಮ್ಮ ದೇಶದಲ್ಲೂ ಅಂಥ ಜಾಗಗಳಿವೆ. 2020ರಲ್ಲಿ ಬಂದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ವರದಿಯಂತೆ ಮೇಘಾಲಯದ ಈಸ್ಟ್ ಖಾಸಿ ಹಿಲ್ಸ್ ಜಿಲ್ಲೆಯ ಗಂಡಸರಲ್ಲಿ ಲಕ್ಷಕ್ಕೆ ಸುಮಾರು 75 ಮಂದಿಗೆ ಈ ಕ್ಯಾನ್ಸರ್, ದೇಶದ ಸರಾಸರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಮಿಜೋರಾಂ, ಕಾಶ್ಮೀರಗಳಲ್ಲೂ ಪ್ರಮಾಣ ದೊಡ್ಡದು. ಅಲ್ಲಿ ಸಾಮೂಹಿಕ ತಪಾಸಣೆ ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಈಗ ದೇಶದಾದ್ಯಂತ 30 ದಾಟಿದವರಿಗೆ ನಡೆಯುವ ತಪಾಸಣೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ಮಾತ್ರ.

ಕರ್ನಾಟಕಕ್ಕೆ ಬೇಕಿರೋದು ಆಯ್ದ ಜನರ ತಪಾಸಣೆ. ಯಾರು ಅವರು? ಮೊದಲ ಸಾಲಿನಲ್ಲಿ ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. ಅದೇ ತಂಬಾಕು, ಅದೇ ಮದ್ಯ ತಾಗಿದ ದಾರಿಯಲ್ಲೇ ಅನ್ನನಾಳವೂ ಇರೋದರಿಂದ ಅವರಿಗೆ ಇನ್ನೊಂದು ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಅವರು ಹೇಗೂ ಫಾಲೋಅಪ್‌ಗೆ ಆಸ್ಪತ್ರೆಗೆ ಬರುತ್ತಿರುತ್ತಾರೆ, ಹುಡುಕಿಕೊಂಡು ಹೋಗಬೇಕಿಲ್ಲ. ಎರಡನೆಯದು, ಹಲವು ವರ್ಷ ತಂಬಾಕು ಮತ್ತು ಮದ್ಯ ಎರಡನ್ನೂ ಬಳಸಿದವರು. ಮೂರನೆಯದು, ಹಿಂದೆಂದೋ ಆಸಿಡ್ ಕುಡಿದು ಅನ್ನನಾಳ ಸುಟ್ಟವರು ಮತ್ತು ಅಕಲೇಸಿಯಾ ಎಂಬ ಸ್ನಾಯು ತೊಂದರೆ ಇರುವವರು.

ಎಲೆಅಡಿಕೆ ವಿಷಯ ಅಡಿಕೆ ಬೆಳೆಯುವ ನಾಡಿನಲ್ಲಿ ಮುಜುಗರದ್ದು, ಆದ್ರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಸಂಪುಟದಲ್ಲಿ, ತಂಬಾಕು ಹಾಕದ ಎಲೆಅಡಿಕೆಯೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣ ಅಂತ ದಾಖಲಿಸಿದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯವನ್ನು 2016ರಲ್ಲಿ ‘ಬಹುಶಃ ಕ್ಯಾನ್ಸರ್ ಕಾರಕ’ ಪಟ್ಟಿಗೆ ಸೇರಿಸಿತು. ಕಾಫಿ, ಟೀ ಬಿಡಬೇಕಿಲ್ಲ, ಎರಡು ನಿಮಿಷ ಆರಲು ಬಿಟ್ಟರೆ ಆಯಿತು.

ನೀವು ಕೇಳಬಹುದಾದ ಪ್ರಶ್ನೆಗಳು

ನುಂಗುವಾಗ ತಡೆದಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ವಾಂತಿಯಲ್ಲಿ ರಕ್ತ ಕಂಡರೆ ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ದಿನ ದೂಡಬೇಡಿ, ಎಂಡೋಸ್ಕೋಪಿ ಮಾಡಿಸಿ. ಮೇಲೆ ಹೇಳಿದ ಅಪಾಯದ ಗುಂಪಿನಲ್ಲಿದ್ದರೆ ಲಕ್ಷಣಕ್ಕೆ ಕಾಯದೆ ವೈದ್ಯರ ಜೊತೆ ಮಾತಾಡಿ.

ಪರೀಕ್ಷೆಗೆ ಹೋದಾಗ ಮೂರು ಮಾತು ಕೇಳುವುದರಲ್ಲಿ ತಪ್ಪಿಲ್ಲ. ‘ಡಾಕ್ಟ್ರೇ, ನಿಮ್ಮ ಯಂತ್ರದಲ್ಲಿ ಎನ್‌ಬಿಐ ಥರದ್ದು ಇದೆಯಾ, ಅನ್ನನಾಳ ಅದರಲ್ಲೂ ನೋಡ್ತೀರಾ? ನನಗೆ ತಂಬಾಕಿನ ಅಭ್ಯಾಸ ಇತ್ತು, ಅಯೋಡಿನ್ ಹಾಕಿ ನೋಡೋ ಅಗತ್ಯ ಇದೆಯಾ? ಚಿತ್ರಗಳನ್ನು ರಿಪೋರ್ಟ್ ಜೊತೆ ಕೊಡ್ತೀರಾ?’ ನಿಮ್ಮ ಅಭ್ಯಾಸಗಳನ್ನು ನಾಚಿಕೆಯಿಲ್ಲದೆ ಹೇಳಿಬಿಡಿ. ಎಲ್ಲಿ ಎಷ್ಟು ಹೊತ್ತು ನೋಡಬೇಕು ಅನ್ನೋದನ್ನು ವೈದ್ಯರು ಅದರ ಮೇಲೆ ನಿರ್ಧರಿಸುತ್ತಾರೆ.

ಇನ್ನು ಸರ್ಕಾರವನ್ನು ಕೇಳಬೇಕಾದ್ದು ಇಷ್ಟು: ಜಿಲ್ಲಾ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಒಂದು ಬಾಟಲಿ ಲೂಗಾಲ್ ಅಯೋಡಿನ್ ಇದೆಯಾ, ಅದನ್ನು ಬಳಸಲು ಕಲಿತವರು ಇದ್ದಾರಾ, ಬಾಯಿ ಕ್ಯಾನ್ಸರ್ ಗೆದ್ದು ಬಂದ ಒಬ್ಬ ರೋಗಿಗೆ ಕೊಡಲು ಏಳು ನಿಮಿಷ ಅವರ ಬಳಿ ಇದೆಯಾ?